ಇನ್ಸ್‌ಮಾಡ್ ಗೊತ್ತು, ಆರ್‌ಎಂಮಾಡ್ ಗೊತ್ತಾ?

ನಿಮ್ಮ ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ರೆಕಾರ್ಡ್ ಒಮ್ಮೆ ತೆಗೆದು ನೋಡಿ. ಕರ್ನಲ್ ಮಾಡ್ಯೂಲ್ ಬರೆಯುವ ಪ್ರಯೋಗ ಇದ್ದರೆ ಅದರ ಕೊನೆಗೆ ಒಂದು ಸ್ಕ್ರೀನ್‌ಶಾಟ್ ಅಂಟಿಸಿರುತ್ತೀರಿ. ಇನ್ಸ್‌ಮಾಡ್ ಕೊಟ್ಟಿದ್ದೀರಿ, ಕರ್ನಲ್ ಲಾಗ್‌ನಲ್ಲಿ ‘ಹಲೋ ವರ್ಲ್ಡ್’ ಬಂದಿದೆ. ಆರ್‌ಎಂಮಾಡ್ ಕೊಟ್ಟಿದ್ದೀರಿ, ‘ಗುಡ್‌ಬೈ’ ಬಂದಿದೆ. ಸಹಿ ಬಿತ್ತು, ಅಂಕ ಬಂತು, ಕ್ಯಾಂಟೀನಿಗೆ ಹೋದ್ರಿ. ನಾವೂ ಹಾಗೇ ಮಾಡಿದವರು. ಆ ‘ಗುಡ್‌ಬೈ’ ಸುಳ್ಳು ಹೇಳಬಲ್ಲದು ಅಂತ ನಮಗೆ ಗೊತ್ತಾಗಿದ್ದು ಲ್ಯಾಬಿನಲ್ಲಲ್ಲ, ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ.

ನಮ್ಮ ವಾದ ಇಷ್ಟೇ: ಮಾಡ್ಯೂಲ್ ಹೇಗೆ ಒಳಗೆ ಬರುತ್ತೆ ಅನ್ನೋದಕ್ಕಲ್ಲ, ಹೇಗೆ ಹೊರಗೆ ಹೋಗುತ್ತೆ ಅನ್ನೋದಕ್ಕೆ ನಮ್ಮ ಲ್ಯಾಬುಗಳಲ್ಲಿ ಅಂಕ ಕೊಡಬೇಕು. ಯಾಕೆ ಅಂತ ಹೇಳೋಕೆ ಮೊದಲು ನಮ್ಮ ಮಾನ ನಾವೇ ಕಳೆದುಕೊಳ್ಳಬೇಕಾಗುತ್ತೆ. ಆಗಲಿ.

ಗೋಡೆ ಮೇಲಿನ ಗೀಟು

ನಾವು ಮೂವರೂ ಚನ್ನಪಟ್ಟಣದ ಕಡೆಯವರು. ಮಿನಿ ಪ್ರಾಜೆಕ್ಟ್‌ಗೆ ಏನು ಮಾಡೋದು ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ನಮ್ಮಲ್ಲೊಬ್ಬನ ಬೀದಿಯಲ್ಲೇ ಇದ್ದ ಗೊಂಬೆ ಕಾರ್ಖಾನೆ ನೆನಪಾಯಿತು. ನಾಲ್ಕು ಲೇತ್, ಹಾಲೆ ಮರದ ತುಂಡುಗಳ ರಾಶಿ, ಅರಗಿನ ವಾಸನೆ. ಕೆಲಸದವರಿಗೆ ಕೂಲಿ ತುಂಡಿನ ಲೆಕ್ಕದಲ್ಲಿ. ಮುಗಿದ ತುಂಡು ಬುಟ್ಟಿಗೆ ಬೀಳುವ ಜಾಗದಲ್ಲಿ ಒಂದು ಇನ್‌ಫ್ರಾರೆಡ್ ಸೆನ್ಸರ್ ಇಟ್ಟು, ರಾಸ್ಪ್‌ಬೆರಿ ಪೈಗೆ ಕಟ್ಟಿ, ಎಷ್ಟು ತುಂಡು ಬಿತ್ತು ಅಂತ ತಾನಾಗೇ ಎಣಿಸೋ ಯಂತ್ರ ಮಾಡೋಣ ಅಂದ್ವಿ. ಯಜಮಾನರು ನಕ್ಕು, ‘ಮಾಡ್ರಪ್ಪಾ, ನೋಡೋಣ’ ಅಂದರು.

ನಿಜ ಹೇಳಬೇಕಂದ್ರೆ ಇದಕ್ಕೆ ಡ್ರೈವರ್ ಬರೆಯೋ ಅಗತ್ಯವೇ ಇರಲಿಲ್ಲ. ಯೂಸರ್ ಸ್ಪೇಸ್‌ನಲ್ಲೇ ಪಿನ್ ಓದಬಹುದಿತ್ತು. ಆದರೆ ‘ಕರ್ನಲ್ ಮಾಡ್ಯೂಲ್’ ಅಂತ ರಿಪೋರ್ಟಿನ ಮೊದಲ ಪುಟದಲ್ಲಿ ಇದ್ದರೆ ತೂಕ ಜಾಸ್ತಿ, ಅಲ್ವಾ? ಬರೆದ್ವಿ. ಸೆನ್ಸರ್ ಮಿಡಿದಾಗ ಇಂಟರಪ್ಟ್, ಒಂದೇ ತುಂಡನ್ನು ಎರಡು ಸಲ ಎಣಿಸದಿರಲಿ ಅಂತ ಒಂದು ಟೈಮರ್, ಎಣಿಕೆ ಓದೋಕೆ ಒಂದು ಕ್ಯಾರೆಕ್ಟರ್ ಡಿವೈಸ್. ಮೇಲೊಂದು ಲಾಗರ್ ಪ್ರೋಗ್ರಾಂ ಆ ಡಿವೈಸನ್ನು ತೆರೆದಿಟ್ಟುಕೊಂಡು ನಿಮಿಷಕ್ಕೊಮ್ಮೆ ಓದುತ್ತಿತ್ತು, ಗಂಟೆಗೊಮ್ಮೆ ಕಾರ್ಡಿಗೆ ಬರೆಯುತ್ತಿತ್ತು.

ತೊಂದರೆ ಶುರುವಾಗಿದ್ದು ಕೋಡ್ ತಿದ್ದುವಾಗ. ಪ್ರತಿ ಸಲ ಹೊಸ ಮಾಡ್ಯೂಲ್ ಹಾಕೋಕೆ ಹಳೇದನ್ನು ತೆಗೀಬೇಕು. ಆರ್‌ಎಂಮಾಡ್ ಕೊಟ್ಟರೆ ‘ಮಾಡ್ಯೂಲ್ ಈಸ್ ಇನ್ ಯೂಸ್’ ಅಂತ ಬೈಯುತ್ತೆ. ಲಾಗರ್ ನಿಲ್ಲಿಸು, ಮಾಡ್ಯೂಲ್ ತೆಗಿ, ಹಾಕು, ಲಾಗರ್ ಶುರುಮಾಡು. ಹತ್ತು ಸಲ ಆದ ಮೇಲೆ ಬೇಜಾರಾಯ್ತು. ಫೈಲ್ ಆಪರೇಷನ್ಸ್ ಸ್ಟ್ರಕ್ಚರ್‌ನಲ್ಲಿ ‘ಓನರ್’ ಅಂತ ಒಂದು ಸಾಲು ಇತ್ತು, ಅದರ ಎದುರಿಗೆ ‘ದಿಸ್ ಮಾಡ್ಯೂಲ್’. ಆ ಸಾಲು ಅಳಿಸಿದ್ವಿ. ಆಹಾ! ಇನ್ನು ಬೈಗುಳ ಇಲ್ಲ. ಆರ್‌ಎಂಮಾಡ್ ಕೊಟ್ಟ ತಕ್ಷಣ ‘ಗುಡ್‌ಬೈ’. ಏನೋ ದೊಡ್ಡ ಸಮಸ್ಯೆ ಬಗೆಹರಿಸಿದೆವು ಅಂತ ಟೀ ಕುಡಿದ್ವಿ.

ಒಂದು ಶನಿವಾರ ಮಧ್ಯಾಹ್ನ, ಕಾರ್ಖಾನೆಯಲ್ಲೇ ಕೂತು, ಲಾಗರ್ ಓಡುತ್ತಿರುವಾಗಲೇ ಮಾಡ್ಯೂಲ್ ಬದಲಿಸಿದ್ವಿ. ‘ಗುಡ್‌ಬೈ’ ಬಂತು. ಮುಂದಿನ ನಿಮಿಷ ಲಾಗರ್ ಎಂದಿನಂತೆ ಓದೋಕೆ ಹೋಯಿತು. ಅದರ ಕೈಯಲ್ಲಿದ್ದ ಪಾಯಿಂಟರ್ ತೋರಿಸುತ್ತಿದ್ದ ಜಾಗದಲ್ಲಿ ನಮ್ಮ ಕೋಡ್ ಇರಲಿಲ್ಲ. ಕರ್ನಲ್ ‘ಊಪ್ಸ್’ ಅಂತು, ಲಾಗರನ್ನು ಕೊಂದಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಪ್ರೋಗ್ರಾಂ ಸಾಯುವಾಗ ಅದು ತೆರೆದಿಟ್ಟ ಫೈಲುಗಳನ್ನು ಮುಚ್ಚಬೇಕು. ಮುಚ್ಚೋಕೂ ಅದೇ ಇಲ್ಲದ ಕೋಡನ್ನೇ ಕರೀಬೇಕು. ಇನ್ನೊಂದು ಊಪ್ಸ್. ಪೈ ಅರೆಜೀವ ಆಗಿ ಕೂತಿತು. ಕರೆಂಟ್ ತೆಗೆದು ಹಾಕಿದ್ವಿ. ಲಾಗರ್‌ನ ಬಫರಿನಲ್ಲಿದ್ದ ಮುಕ್ಕಾಲು ಗಂಟೆಯ ಎಣಿಕೆ ಹೋಗಿತ್ತು.

ತಲೆ ತಗ್ಗಿಸಿ ಹೇಳಿದ್ವಿ. ಲೇತ್ ಮುಂದೆ ಕೂತಿದ್ದ ಅಣ್ಣ ಎದ್ದೇಳಲೂ ಇಲ್ಲ, ಗೋಡೆ ಕಡೆ ಗಲ್ಲ ಎತ್ತಿ ತೋರಿಸಿದರು. ಸೀಮೆಸುಣ್ಣದಲ್ಲಿ ಐದೈದರ ಗುಂಪಾಗಿ ಗೀಟುಗಳು. ‘ನಿಮ್ ಡಬ್ಬ ಮರೀಲಿ ಬಿಡ್ರಪ್ಪ, ನನ್ ಲೆಕ್ಕ ಅಲ್ಲೈತೆ’ ಅಂದರು. ಅವತ್ತು ಅವರ ಕೂಲಿ ಉಳಿಸಿದ್ದು ನಮ್ಮ ಡ್ರೈವರ್ ಅಲ್ಲ, ಆ ಗೋಡೆ.

ಎರಡು ಆಯಸ್ಸು

ಆ ರಾತ್ರಿ ಕೂತು ಓದಿದಾಗ ಅರ್ಥವಾಗಿದ್ದು ಇದು. ಮಾಡ್ಯೂಲ್ ತೆಗೆಯುವಾಗ ಲೆಕ್ಕ ಇಡಬೇಕಾದ ಆಯಸ್ಸು ಒಂದಲ್ಲ, ಎರಡು.

ಮೊದಲನೇದು ಆಬ್ಜೆಕ್ಟಿನ ಆಯಸ್ಸು. ನಾವು ಕೆಮ್ಯಾಲಕ್ ಮಾಡಿ ತಂದ ಸ್ಟ್ರಕ್ಚರನ್ನು ಯಾರ‍್ಯಾರು ಹಿಡಿದಿದ್ದಾರೆ? ತೆರೆದ ಫೈಲ್ ಒಂದು ಹಿಡಿತ, ಕಾಯುತ್ತಿರುವ ಟೈಮರ್ ಇನ್ನೊಂದು. ಕೊನೆಯವರು ಕೈಬಿಟ್ಟಾಗ ಮಾತ್ರ ಅದನ್ನು ಮುಕ್ತ ಮಾಡಬೇಕು. ಇದಕ್ಕೇ ಕರ್ನಲ್‌ನಲ್ಲಿ ಕೆ‌ರೆಫ್, ಕೆ‌ಆಬ್ಜೆಕ್ಟ್ ಇರೋದು. ಎಣಿಕೆ ಸೊನ್ನೆಗೆ ಇಳಿದ ಕ್ಷಣ ‘ರಿಲೀಸ್’ ಅನ್ನೋ ಫಂಕ್ಷನ್ ಕರೆಯಲಾಗುತ್ತೆ, ಮೆಮೊರಿ ಬಿಡುಗಡೆ ಆಗುತ್ತೆ.

ಎರಡನೇದು ಕೋಡಿನ ಆಯಸ್ಸು. ಆ ರಿಲೀಸ್ ಫಂಕ್ಷನ್ ಇರೋದು ಎಲ್ಲಿ? ನಮ್ಮ ಮಾಡ್ಯೂಲಿನ ಒಳಗೇ! ಆಬ್ಜೆಕ್ಟಿನ ಲೆಕ್ಕ ಎಷ್ಟೇ ಚೆನ್ನಾಗಿ ಇಟ್ಟಿರಿ, ಕೊನೆಯ ಹಿಡಿತ ಬಿಡುವ ಹೊತ್ತಿಗೆ ಮಾಡ್ಯೂಲ್ ಹೋಗಿಬಿಟ್ಟಿದ್ದರೆ ಕರೆಯಬೇಕಾದ ಫಂಕ್ಷನ್ನೇ ಇಲ್ಲ. ಮನೆ ಬೀಗದ ಕೈಯನ್ನು ಯಾರಿಗೋ ಕೊಟ್ಟು, ಅವರು ವಾಪಸ್ ತರೋದರೊಳಗೆ ಮನೆಯನ್ನೇ ಕೆಡವಿಹಾಕಿದ ಹಾಗೆ.

ಹೊಸಬರು ಎಡವೋದು ಇಲ್ಲೇ. ಆಬ್ಜೆಕ್ಟಿಗೆ ರೆಫರೆನ್ಸ್ ಕೌಂಟ್ ಇದೆಯಲ್ಲ, ಸಾಕು ಅಂದುಕೊಳ್ತಾರೆ. ಅಥವಾ ಮಾಡ್ಯೂಲಿಗೆ ಕೌಂಟ್ ಇದೆಯಲ್ಲ, ಆಬ್ಜೆಕ್ಟ್ ಬಗ್ಗೆ ಯಾಕೆ ಚಿಂತೆ ಅಂತಾರೆ. ಎರಡೂ ಬೇಕು. ಆಬ್ಜೆಕ್ಟ್ ಬದುಕಿರುವಷ್ಟು ಕಾಲ ಅದನ್ನು ಮುಗಿಸಬೇಕಾದ ಕೋಡ್ ಕೂಡ ಬದುಕಿರಬೇಕು. ಈ ಒಂದು ವಾಕ್ಯ ನೆನಪಿದ್ದರೆ ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತೆ.

ಎಣಿಸೋರು ಯಾರು?

ನಾವು ಅಳಿಸಿದ ಆ ‘ಓನರ್’ ಸಾಲಿನ ಕೆಲಸ ಇದೇ. ಯಾರಾದರೂ ನಮ್ಮ ಡಿವೈಸ್ ತೆರೆದಾಗ ಕರ್ನಲ್ ಆ ಸಾಲು ನೋಡಿ, ‘ಟ್ರೈ ಮಾಡ್ಯೂಲ್ ಗೆಟ್’ ಕರೆದು, ನಮ್ಮ ಮಾಡ್ಯೂಲಿನ ಎಣಿಕೆಯನ್ನು ಒಂದು ಏರಿಸುತ್ತೆ. ಮುಚ್ಚಿದಾಗ ‘ಮಾಡ್ಯೂಲ್ ಪುಟ್’, ಒಂದು ಇಳಿಕೆ. ಎಲ್‌ಎಸ್‌ಮಾಡ್ ಕೊಟ್ಟಾಗ ಮೂರನೇ ಕಾಲಮ್ಮಿನಲ್ಲಿ ಕಾಣೋ ಅಂಕಿ ಇದೇ. ಮಾಡ್ಯೂಲ್ ಆಗಲೇ ಹೊರಡೋಕೆ ಶುರುಮಾಡಿದ್ದರೆ ಟ್ರೈ ಮಾಡ್ಯೂಲ್ ಗೆಟ್ ‘ಆಗಲ್ಲ’ ಅನ್ನುತ್ತೆ, ತೆರೆಯೋಕೆ ಬಂದವರು ಬರಿಗೈಲಿ ವಾಪಸ್ ಹೋಗಬೇಕು. ಹೆಸರಿನಲ್ಲಿ ‘ಟ್ರೈ’ ಇರೋದು ಅದಕ್ಕೇ.

ಗಮನಿಸಿ, ಇಲ್ಲಿ ಎಣಿಸೋರು ಮಾಡ್ಯೂಲಿನ ಹೊರಗಿನವರು. ಮೊದಲು ಹೀಗಿರಲಿಲ್ಲ. ಕರ್ನಲ್ 2.4ರ ಕಾಲದಲ್ಲಿ ಎಷ್ಟೋ ಡ್ರೈವರುಗಳು ತಮ್ಮ ಓಪನ್ ಫಂಕ್ಷನ್ನಿನ ಒಳಗೆ ಬಂದ ಮೇಲೆ ತಾವೇ ತಮ್ಮ ಎಣಿಕೆ ಏರಿಸಿಕೊಳ್ಳುತ್ತಿದ್ದವು. ಇದರಲ್ಲಿ ಏನು ತಪ್ಪು? ಒಳಗೆ ಕಾಲಿಟ್ಟ ಕ್ಷಣಕ್ಕೂ ಎಣಿಕೆ ಏರಿದ ಕ್ಷಣಕ್ಕೂ ನಡುವೆ ಒಂದು ಸಣ್ಣ ಸಂದಿ ಇದೆ. ಅಷ್ಟರಲ್ಲಿ ಬೇರೆ ಪ್ರೊಸೆಸರಿನಲ್ಲಿ ಯಾರಾದರೂ ಆರ್‌ಎಂಮಾಡ್ ಕೊಟ್ಟರೆ ಎಣಿಕೆ ಇನ್ನೂ ಸೊನ್ನೆಯೇ ಇದೆ, ಮಾಡ್ಯೂಲ್ ಹೋಯಿತು. ಹಾಗೇ ಹೊರಡುವಾಗಲೂ: ಎಣಿಕೆ ಇಳಿಸಿದ ಮೇಲೆ ಫಂಕ್ಷನ್ ಮುಗಿಯೋಕೆ ಇನ್ನೂ ನಾಲ್ಕು ಸೂಚನೆ ಬಾಕಿ ಇರುತ್ತೆ. ನಿಂತ ನೆಲವೇ ಜಾರಿದ ಹಾಗೆ. ತನ್ನ ಆಯಸ್ಸನ್ನು ತಾನೇ ಕಾಯುವುದು ಕೋಡಿಗೆ ಸಾಧ್ಯವಿಲ್ಲ. 2002ರಲ್ಲಿ 2.5 ಸರಣಿಗೆ ರಸ್ಟಿ ರಸೆಲ್ ಮಾಡ್ಯೂಲ್ ಲೋಡರನ್ನು ಹೊಸದಾಗಿ ಬರೆದಾಗ ಲೆಕ್ಕ ಇಡುವ ಕೆಲಸ ಕರೆಯುವವರ ಕಡೆಗೆ ಬಂತು. 2003ರ ಡಿಸೆಂಬರಿನಲ್ಲಿ 2.6 ಬಂದಾಗಿನಿಂದ ಎಲ್ಲರೂ ಬಳಸುತ್ತಿರೋದು ಆ ಪದ್ಧತಿಯನ್ನೇ.

ಗೋಡೆ ಮೇಲಿನ ಗೀಟು ನೆನಪಾಯ್ತಾ? ಲೆಕ್ಕ ಡಬ್ಬದ ಹೊರಗಿತ್ತು, ಅದಕ್ಕೇ ಡಬ್ಬ ಸತ್ತರೂ ಉಳೀತು. ನಾವು ‘ಕಿರಿಕಿರಿ’ ಅಂತ ಅಳಿಸಿದ್ದು ಅಂಥದ್ದೇ ಒಂದು ಗೋಡೆಯನ್ನ.

60 ಕಿಲೋಮೀಟರ್ ದೂರದಿಂದ ಬಂದ ಉತ್ತರ

ಓನರ್ ಸಾಲು ವಾಪಸ್ ಹಾಕಿದ್ವಿ. ಮುಗೀತು ಅಂದ್ಕೊಂಡ್ರಾ? ಇಲ್ಲ. ಮಾಡ್ಯೂಲಿನ ಎಣಿಕೆ ಕಾಯೋದು ಬಾಗಿಲಲ್ಲಿ ಬಂದುಹೋಗುವವರನ್ನು ಮಾತ್ರ. ‘ಆಮೇಲೆ ನನ್ನನ್ನು ಕರಿ’ ಅಂತ ನಾವೇ ಕರ್ನಲ್ಲಿಗೆ ಕೊಟ್ಟುಬಂದ ಚೀಟಿಗಳು ಆ ಲೆಕ್ಕಕ್ಕೆ ಬರೋದಿಲ್ಲ. ಟೈಮರ್ ಅಂಥ ಚೀಟಿ. ವರ್ಕ್‌ಕ್ಯೂ ಅಂಥ ಚೀಟಿ. ಎಲ್ಲಕ್ಕಿಂತ ಕಣ್ಣಿಗೆ ಕಾಣದ್ದು ಆರ್‌ಸಿಯು ಕಾಲ್‌ಬ್ಯಾಕ್.

ಆರ್‌ಸಿಯು ಅಂದ್ರೆ ರೀಡ್-ಕಾಪಿ-ಅಪ್‌ಡೇಟ್. ಓದುವವರು ಲಾಕ್ ಹಿಡಿಯದೇ ಲಿಸ್ಟ್ ಓದುತ್ತಿರುತ್ತಾರೆ. ಬದಲಿಸುವವರು ಒಂದು ಆಬ್ಜೆಕ್ಟನ್ನು ಲಿಸ್ಟಿನಿಂದ ಬಿಡಿಸುತ್ತಾರೆ, ಆದರೆ ತಕ್ಷಣ ಮುಕ್ತ ಮಾಡೋದಿಲ್ಲ. ಆಗಲೇ ಓದುತ್ತಿದ್ದವರೆಲ್ಲ ಮುಗಿಸಲಿ ಅಂತ ಕಾಯುತ್ತಾರೆ. ನಿಂತು ಕಾಯೋಕೆ ಪುರುಸೊತ್ತಿಲ್ಲದಿದ್ದರೆ ‘ಕಾಲ್ ಆರ್‌ಸಿಯು’ ಮೂಲಕ ಒಂದು ಚೀಟಿ ಬರೆದು ಹೋಗುತ್ತಾರೆ: ‘ಎಲ್ಲರೂ ಓದಿಯಾದ ಮೇಲೆ ಈ ಫಂಕ್ಷನ್ ಕರಿ, ಅದು ಮೆಮೊರಿ ಬಿಡುತ್ತೆ.’ ಆ ಫಂಕ್ಷನ್ ಮಾಡ್ಯೂಲಿನಲ್ಲಿದ್ದು, ಚೀಟಿ ಓದುವ ಮೊದಲೇ ಮಾಡ್ಯೂಲ್ ಹೋದರೆ? ಗೊತ್ತೇ ಇದೆ.

ಇದಕ್ಕೆ ಉತ್ತರವಾದ ಫಂಕ್ಷನ್ ‘ಆರ್‌ಸಿಯು ಬ್ಯಾರಿಯರ್’. ಅದನ್ನು ಬರೆದವರು ದೀಪಂಕರ್ ಶರ್ಮಾ, ಬೆಂಗಳೂರಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದವರು. 2002ರ ಅಕ್ಟೋಬರಿನಲ್ಲಿ 2.5.43 ಆವೃತ್ತಿಯೊಂದಿಗೆ ಆರ್‌ಸಿಯು ಲಿನಕ್ಸಿಗೆ ಸೇರಿದಾಗ ಅದರ ಹಿಂದಿನ ಮುಖ್ಯ ಹೆಸರುಗಳಲ್ಲಿ ಅವರದ್ದೂ ಒಂದು. ನಮ್ಮೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಕೂತು ಬರೆದ ಕೋಡ್ ಇವತ್ತು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಅಮೆರಿಕದ ಕಂಪನಿಯ ದಾಖಲೆ ಅಂತ ದೂರದಿಂದ ಕೈಮುಗಿಯೋದಲ್ಲ, ಇದು ನಮ್ಮ ಪಕ್ಕದ ಊರಿನ ಕಥೆ.

ಆ ಕಥೆಯಲ್ಲಿ ಒಂದು ತಮಾಷೆಯೂ ಇದೆ. ಆರ್‌ಸಿಯು ಬ್ಯಾರಿಯರ್ ಹುಟ್ಟಿದ್ದು ಮಾಡ್ಯೂಲ್ ತೆಗೆಯೋದಕ್ಕಾಗಿ ಅಲ್ಲ. ನಿಕಿತಾ ಡ್ಯಾನಿಲೋವ್ ಅನ್ನುವವರು ಒಂದು ಫೈಲ್‌ಸಿಸ್ಟಮ್‌ನಲ್ಲಿ ಆರ್‌ಸಿಯು ಬಳಸುತ್ತಿದ್ದರು; ಅನ್‌ಮೌಂಟ್ ಮಾಡುವಾಗ ಇದೇ ತರಹದ ಪೇಚು. ಅವರಿಗಾಗಿ ಶರ್ಮಾ ಬರೆದುಕೊಟ್ಟರು. ಆರ್‌ಸಿಯುವಿನ ದೊಡ್ಡ ಹೆಸರು ಪಾಲ್ ಮೆಕೆನ್ನಿ ಅವರೇ ಎಷ್ಟೋ ಕಾಲದ ನಂತರ ‘ಆರ್‌ಸಿಯು ಟಾರ್ಚರ್’ ಅನ್ನೋ ಪರೀಕ್ಷಾ ಮಾಡ್ಯೂಲ್ ಬರೆಯುವಾಗ ಮಾಡ್ಯೂಲ್ ತೆಗೆಯೋ ಸಮಸ್ಯೆಗೆ ಸಿಕ್ಕಿಬಿದ್ದು, ಅದಕ್ಕೂ ಇದೇ ಮದ್ದು ಅಂತ ಕಂಡುಕೊಂಡರು. ಇದನ್ನು ವಿವರಿಸಿ ಅವರು 2007ರ ಜನವರಿಯಲ್ಲಿ ಬರೆದ ಲೇಖನ ಇಂದಿಗೂ ಕರ್ನಲ್ ದಾಖಲೆಗಳ ಭಾಗ. ಆರ್‌ಸಿಯು ಕಟ್ಟಿದವರೇ ಹೊರಡೋ ದಾರಿಯಲ್ಲಿ ಎಡವಿದ್ದರು ಅಂದಮೇಲೆ ನಾವು ಎಡವಿದ್ದಕ್ಕೆ ನಾಚಿಕೆ ಬೇಡ. ಕಲಿಯದಿದ್ದರೆ ಮಾತ್ರ ನಾಚಿಕೆ.

ಒಂದು ಸೂಕ್ಷ್ಮ ಹೇಳಲೇಬೇಕು, ವೈವಾದಲ್ಲಿ ಕೇಳಿದರೆ ಉಪಯೋಗಕ್ಕೆ ಬರುತ್ತೆ. ‘ಸಿಂಕ್ರನೈಸ್ ಆರ್‌ಸಿಯು’ ಕರೆದರೆ ಸಾಲದಾ? ಸಾಲದು. ಅದು ಓದುವವರು ಮುಗಿಸುವ ತನಕ ಮಾತ್ರ ಕಾಯುತ್ತೆ. ಚೀಟಿಗಳು ಇನ್ನೂ ಸಾಲಿನಲ್ಲೇ ನಿಂತಿರಬಹುದು. ಆರ್‌ಸಿಯು ಬ್ಯಾರಿಯರ್ ಕಾಯೋದು ಆಗಲೇ ಸಾಲಿನಲ್ಲಿರುವ ಚೀಟಿಗಳೆಲ್ಲ ಓದಿ ಮುಗಿಯುವ ತನಕ. ಅದನ್ನು ಕರೆಯುವ ಮೊದಲು ಹೊಸ ಚೀಟಿ ಬೀಳದ ಹಾಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕಾದೂ ಪ್ರಯೋಜನವಿಲ್ಲ.

ಈ ಕ್ರಮ ನಮ್ಮ ಗೊಂಬೆ ಕಾರ್ಖಾನೆಯಲ್ಲಿ ಪ್ರತಿ ಸಂಜೆ ನಡೆಯುತ್ತೆ. ಯಜಮಾನರು ಮೊದಲು ಹೊಸ ತುಂಡು ಕೊಡೋದು ನಿಲ್ಲಿಸ್ತಾರೆ. ಲೇತಿನ ಮೇಲಿರೋದು ಮುಗಿಯಲಿ ಅಂತ ಕಾಯ್ತಾರೆ. ಹೊರಗೆ ಹೋದ ಉಳಿ, ಚಾಣಗಳು ವಾಪಸ್ ಬಂದವಾ ಅಂತ ನೋಡ್ತಾರೆ. ಆಮೇಲೆ ಮೇನ್ ಸ್ವಿಚ್ ಇಳಿಸ್ತಾರೆ. ನಮ್ಮ ಎಕ್ಸಿಟ್ ಫಂಕ್ಷನ್ ನೇರವಾಗಿ ಮೇನ್ ಸ್ವಿಚ್ಚಿಗೆ ಕೈ ಹಾಕಿತ್ತು. ಟೈಮರ್ ನಿಲ್ಲಿಸೋ ಸಾಲೇ ಅದರಲ್ಲಿ ಇರಲಿಲ್ಲ. ಆ ಶನಿವಾರ ಟೈಮರಿನಿಂದಲೂ ಸಾಯಬಹುದಿತ್ತು, ಅದೃಷ್ಟಕ್ಕೆ ಲಾಗರಿನಿಂದ ಸತ್ತಿತು, ಅಷ್ಟೇ ವ್ಯತ್ಯಾಸ.

ಸೇರಿಸುವಾಗಲೂ ಮೊದಲು ತಪ್ಪಾಗೇ ಸೇರಿಸಿದ್ವಿ: ಟೈಮರ್ ನಿಲ್ಲಿಸಿ, ಆಮೇಲೆ ಇಂಟರಪ್ಟ್ ಬಿಟ್ಟುಕೊಟ್ವಿ. ಇವೆರಡರ ನಡುವೆ ಒಂದು ತುಂಡು ಬುಟ್ಟಿಗೆ ಬಿದ್ದರೆ ಇಂಟರಪ್ಟ್ ಬರುತ್ತೆ, ಅದು ಟೈಮರನ್ನು ಮತ್ತೆ ಶುರುಮಾಡುತ್ತೆ! ಮೂಲವನ್ನು ಮೊದಲು ಮುಚ್ಚಬೇಕು: ಇಂಟರಪ್ಟ್ ಮೊದಲು, ಟೈಮರ್ ಆಮೇಲೆ, ಅದೂ ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವ ತನಕ ಕಾಯುವ, ಹೆಸರಿನ ಕೊನೆಗೆ ‘ಸಿಂಕ್’ ಇರುವ ಫಂಕ್ಷನ್ನಿನಿಂದ.

‘ರೀಬೂಟ್ ಮಾಡಿದ್ರಾಯ್ತಲ್ಲ ಗುರು’

ಇಷ್ಟು ಹೇಳಿದಾಗ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ಸರಿಯಾದ ಪ್ರಶ್ನೆಯೇ. ಓಡುತ್ತಿರುವ ಸರ್ವರಿನಲ್ಲಿ ಡ್ರೈವರ್ ಕಿತ್ತು ಹಾಕೋರು ಎಷ್ಟು ಜನ? ಮಾಡ್ಯೂಲ್ ತೆಗೆಯೋ ಸೌಲಭ್ಯವೇ ಬೇಡ ಅನ್ನೋ ಮಾತು ಕರ್ನಲ್ ಬರೆಯುವವರ ನಡುವೆಯೇ ಬಂದಿದ್ದುಂಟು. ಇವತ್ತಿಗೂ ಅದು ಕರ್ನಲ್ ಕಟ್ಟುವಾಗಿನ ಒಂದು ಆಯ್ಕೆ ಮಾತ್ರ. ಬೇಡ ಅಂದರೆ ಬಿಡಬಹುದು. ಎಕ್ಸಿಟ್ ಫಂಕ್ಷನ್ ಬರೆಯದ ಮಾಡ್ಯೂಲನ್ನು ಕರ್ನಲ್ ‘ಪರ್ಮನೆಂಟ್’ ಅಂತ ಗುರುತಿಸಿ, ತೆಗೆಯೋಕೆ ಬಿಡೋದಿಲ್ಲ. ಅದು ಪ್ರಾಮಾಣಿಕ ದಾರಿ, ನಮಗೆ ತಕರಾರಿಲ್ಲ. ‘ಹೋಗೋಕೆ ಬರಲ್ಲ’ ಅಂತ ಒಪ್ಪಿಕೊಳ್ಳೋದು, ಹೋಗೋಕೆ ಬರುತ್ತೆ ಅಂತ ಸುಳ್ಳು ಹೇಳೋದಕ್ಕಿಂತ ಮೇಲು.

ಆದರೆ ಎರಡು ಮಾತು. ಒಂದು, ಆರ್‌ಎಂಮಾಡ್ ಕೊಡದಿದ್ದರೆ ಈ ಸಮಸ್ಯೆ ಹೋಗಲ್ಲ. ಯುಎಸ್‌ಬಿ ಕೇಬಲನ್ನು ಯಾರು ಯಾವಾಗ ಕೀಳುತ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಫೈಲ್ ತೆರೆದಿರುವಾಗಲೇ ಸಾಧನ ಮಾಯ. ಸಾಧನ ಹೋದರೂ ಅದರ ಆಬ್ಜೆಕ್ಟ್ ಕೊನೆಯ ಕ್ಲೋಸ್ ತನಕ ಇರಬೇಕು. ಕರ್ನಲ್ ಜತೆಗೇ ಬರುವ ‘ಯುಎಸ್‌ಬಿ ಸ್ಕೆಲಿಟನ್’ ಅನ್ನೋ ಮಾದರಿ ಡ್ರೈವರ್ ಓದಿ: ಓಪನ್‌ನಲ್ಲಿ ಕೆ‌ರೆಫ್ ಏರಿಕೆ, ಕ್ಲೋಸ್‌ನಲ್ಲಿ ಇಳಿಕೆ, ಡಿಸ್‌ಕನೆಕ್ಟ್‌ನಲ್ಲಿ ಇಳಿಕೆ, ಯಾರು ಕೊನೆಯವರೋ ಅವರ ಕೈಯಲ್ಲಿ ಬಿಡುಗಡೆ. ಒಂದು ಸಂಜೆ ಸಾಕು.

ಎರಡು, ನಾಳೆ ನಾವು ಬರೆಯೋದು ಬರೀ ಕರ್ನಲ್ ಮಾಡ್ಯೂಲ್ ಅಲ್ಲ. ಥ್ರೆಡ್ ಇರುವ ಸರ್ವರ್, ಪ್ಲಗಿನ್ ಇರುವ ಆ್ಯಪ್, ಎಲ್ಲೇ ಹೋದರೂ ‘ಇದನ್ನು ಇನ್ನೂ ಯಾರು ಹಿಡಿದಿದ್ದಾರೆ?’ ಅನ್ನೋ ಪ್ರಶ್ನೆ ಬೆನ್ನು ಬಿಡಲ್ಲ. ಅದನ್ನು ಕೇಳೋ ಅಭ್ಯಾಸ ಕಲಿಯೋಕೆ ಕರ್ನಲ್ ಮಾಡ್ಯೂಲಿಗಿಂತ ಕಟ್ಟುನಿಟ್ಟಾದ ಮೇಷ್ಟ್ರು ಸಿಗಲ್ಲ. ತಪ್ಪಿದರೆ ತಕ್ಷಣ ಬೆತ್ತ.

ಹಾಗಾದ್ರೆ ಏನು ಮಾಡೋಣ

ಬರೀ ದೂರು ಬರೆದು ಹೋಗೋದು ಬೇಡ. ನಮ್ಮ ವಿಭಾಗದ ಮೇಷ್ಟ್ರುಗಳಿಗೂ ಕಿರಿಯರಿಗೂ ಸೇರಿಸಿ ಹೇಳ್ತಿದ್ದೀವಿ.

ಲ್ಯಾಬಿನಲ್ಲಿ ‘ಹಲೋ ವರ್ಲ್ಡ್’ ನೋಡಿ ಸಹಿ ಹಾಕಬೇಡಿ ಸಾರ್. ಒಂದು ಟರ್ಮಿನಲ್ಲಿನಲ್ಲಿ ಡಿವೈಸ್ ತೆರೆದಿಟ್ಟು, ಇನ್ನೊಂದರಲ್ಲಿ ಆರ್‌ಎಂಮಾಡ್ ಕೊಡಿಸಿ. ‘ಇನ್ ಯೂಸ್’ ಬಂದರೆ ಅಂಕ ಕೊಡಿ. ಅದು ದೋಷವಲ್ಲ, ಲೆಕ್ಕ ಸರಿಯಿದೆ ಅನ್ನೋದಕ್ಕೆ ಸಾಕ್ಷಿ. ಆಮೇಲೆ ಮುಚ್ಚಿಸಿ, ಲೋಡು–ಅನ್‌ಲೋಡನ್ನು ಒಂದು ಲೂಪಿನಲ್ಲಿ ನೂರು ಸಲ ಓಡಿಸಿ. ಪರೀಕ್ಷೆಗೆಂದು ಕಟ್ಟುವ ಕರ್ನಲ್ಲಿನಲ್ಲಿ ಕಾಸಾನ್ ಆನ್ ಮಾಡಿ, ಬಿಟ್ಟ ಮೆಮೊರಿ ಮುಟ್ಟಿದ್ದನ್ನು ಅದು ಹಿಡಿದು ತೋರಿಸುತ್ತೆ. ಕೆ‌ಆಬ್ಜೆಕ್ಟ್ ರಿಲೀಸನ್ನು ಬೇಕಂತಲೇ ಕೆಲವು ಸೆಕೆಂಡು ತಡಮಾಡುವ ಡೀಬಗ್ ಆಯ್ಕೆಯೂ ಇದೆ; ‘ಪುಟ್ ಮಾಡಿದೆ, ಅಂದ್ರೆ ಸತ್ತುಹೋಯ್ತು’ ಅಂತ ನಂಬಿದ ಕೋಡಿನ ಬಣ್ಣ ಅಲ್ಲಿ ಬಯಲಾಗುತ್ತೆ.

ಕಿರಿಯರಿಗೆ: ಎಕ್ಸಿಟ್ ಫಂಕ್ಷನ್ ಕೊನೆಗೆ ಬರೆಯಬೇಡಿ. ಇನಿಟ್‌ನಲ್ಲಿ ಒಂದು ಸಾಲು ಬರೆದ ತಕ್ಷಣ ಅದನ್ನು ಬಿಚ್ಚುವ ಸಾಲನ್ನು ಎಕ್ಸಿಟ್‌ನಲ್ಲಿ ಬರೆಯಿರಿ, ಉಲ್ಟಾ ಕ್ರಮದಲ್ಲಿ. ನೆನಪಿರಲಿ, ಎಕ್ಸಿಟ್ ಫಂಕ್ಷನ್ನಿಗೆ ‘ಆಗಲ್ಲ’ ಅಂತ ಉತ್ತರ ಕೊಡೋ ಅವಕಾಶವೇ ಇಲ್ಲ, ಅದು ಏನನ್ನೂ ಹಿಂತಿರುಗಿಸಲ್ಲ. ಅದು ಶುರುವಾದ ಮೇಲೆ ಉಳಿದ ದಾರಿ ಒಂದೇ, ಕಾಯೋದು. ‘ಇನ್ ಯೂಸ್’ ಬಂದಾಗ ಬಲವಂತದ ‘-ಎಫ್’ ಕೊಡೋ ಆಸೆ ಆದರೆ, ಅದಕ್ಕೆ ಅವಕಾಶವಿರುವ ಕರ್ನಲ್ ಹಾಗೆ ತೆಗೆದದ್ದನ್ನು ಒಂದು ‘ಆರ್’ ಗುರುತು ಹಾಕಿ ಶಾಶ್ವತವಾಗಿ ಬರೆದಿಟ್ಟುಕೊಳ್ಳುತ್ತೆ, ರೀಬೂಟ್ ಆಗುವ ತನಕ ಅಳಿಸಲ್ಲ ಅನ್ನೋದೂ ಗೊತ್ತಿರಲಿ.

ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ. ಅವನಿಗೆ ಪಾಠ ಅರ್ಧಕ್ಕೇ ನಿಂತಿತ್ತು. ನಮ್ಮ ಲ್ಯಾಬ್ ಪಾಠವೂ ಅಲ್ಲಿಗೇ ನಿಲ್ಲಬೇಕಾ?

ನಮ್ಮ ಎಣಿಕೆ ಡಬ್ಬ ಈಗ ಮತ್ತೆ ಕಾರ್ಖಾನೆಯಲ್ಲಿದೆ. ಓನರ್ ಸಾಲು ಇದೆ, ಇಂಟರಪ್ಟ್ ಮೊದಲು ಹೋಗುತ್ತೆ, ಟೈಮರ್ ಆಮೇಲೆ. ಲಾಗರ್ ಈಗ ನಿಮಿಷಕ್ಕೊಮ್ಮೆ ಕಾರ್ಡಿಗೆ ಬರೆಯುತ್ತೆ. ಹೋದ ವಾರ ಹೋಗಿದ್ದಾಗ ಅಣ್ಣ ಇನ್ನೂ ಗೋಡೆ ಮೇಲೆ ಗೀಟು ಎಳೀತಾನೇ ಇದ್ದರು. ‘ಇನ್ನೂ ನಂಬಿಕೆ ಬಂದಿಲ್ವಾ ಅಣ್ಣ?’ ಅಂದ್ವಿ. ‘ಎರಡೂ ಲೆಕ್ಕ ತಿಂಗಳು ಪೂರ್ತಿ ತಾಳೆ ಆಗ್ಲಿ, ಆಮೇಲೆ ಗೋಡೆಗೆ ಸುಣ್ಣ ಹೊಡಿಸ್ತೀನಿ’ ಅಂದರು. ಇವತ್ತಿಗೆ ಹನ್ನೊಂದು ದಿನ ತಾಳೆ ಆಗಿದೆ.